ತುಕ್ಕುನಿರೋಧಕ ಕಾಂಕ್ರೀಟ್ ಸೇತುವೆ ಡೆಕ್: ರೋಣ, ನರಗುಂದ, ಗಜೇಂದ್ರಗಡ ಸೀಮೆ

ಸೇತುವೆಯ ಮೇಲೆ ವಾಹನಗಳು ಓಡಾಡುವ ಕಾಂಕ್ರೀಟ್ ಹಾಸಿಗೆ ಡೆಕ್ ಸ್ಲ್ಯಾಬ್ ಅಥವಾ ಡೆಕ್ ಎಂದು ಹೆಸರು. ಅದರೊಳಗೆ ಹುದುಗಿರುವ ಉಕ್ಕಿನ ಸರಳುಗಳಿಗೆ ತುಕ್ಕು ಹಿಡಿಯದಂತೆ, ಹಿಡಿದರೂ ಸೇತುವೆಯ ಆಯುಷ್ಯ ಮುಗಿಯುವ ತನಕ ಅದು ಅಪಾಯದ ಮಟ್ಟ ಮುಟ್ಟದಂತೆ ಸಾಮಗ್ರಿ, ಅಳತೆ, ನೀರಿನ ದಾರಿ, ಕೆಲಸದ ಕ್ರಮ ಇವನ್ನೆಲ್ಲ ಮೊದಲೇ ಗೊತ್ತುಮಾಡುವುದು ತುಕ್ಕುನಿರೋಧಕ ಡೆಕ್ ವಿನ್ಯಾಸ. ಸೇತುವೆಯ ಅಂಗಗಳಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಡೆಕ್ಕೇ. ಚಕ್ರದ ಹೊಡೆತ ನೇರವಾಗಿ ಅದಕ್ಕೆ ಬೀಳುತ್ತದೆ, ಮಳೆಯೂ ಬಿಸಿಲೂ ಅದರ ಮೈಮೇಲೇ ಸುರಿಯುತ್ತವೆ, ದಪ್ಪವೂ ಉಳಿದ ಅಂಗಗಳಿಗಿಂತ ಕಡಿಮೆ.

ಈ ವಿಷಯದಲ್ಲಿ ಜಗತ್ತಿನಲ್ಲಿ ನಡೆದ ಸಂಶೋಧನೆಯ ಬಹುಪಾಲು ಎರಡು ಬಗೆಯ ಉಪ್ಪನ್ನು ಕುರಿತದ್ದು. ಒಂದು, ಅಮೆರಿಕ, ಕೆನಡಾ, ಯುರೋಪುಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು. ಇನ್ನೊಂದು ಕಡಲಿನ ಉಪ್ಪು. ಗದಗ ಜಿಲ್ಲೆಯ ಉತ್ತರ ಭಾಗದ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಿಗೆ ಈ ಎರಡರ ಸಂಬಂಧವೂ ಇಲ್ಲ. ಇಲ್ಲಿ ಹಿಮ ಬೀಳದು. ಕಡಲು ನೂರೈವತ್ತು ಕಿಲೋಮೀಟರಿಗಿಂತ ದೂರ. ಹಾಗೆಂದು ಇಲ್ಲಿನ ಸೇತುವೆಗಳಿಗೆ ತುಕ್ಕಿನ ಭಯವಿಲ್ಲ ಎಂದುಕೊಂಡರೆ ಮೋಸಹೋದಂತೆ. ಈ ಸೀಮೆಯಲ್ಲಿ ತುಕ್ಕು ಬರುವ ದಾರಿ ಬೇರೆ: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಡೆಕ್ಕಿನ ಮೇಲೆ ನಿಲ್ಲುವ ಮಳೆನೀರು, ಸವಳು ನೆಲದ ಲವಣ, ಇವೆಲ್ಲಕ್ಕಿಂತ ಮಿಗಿಲಾಗಿ ಸರಳಿನ ಮೇಲೆ ಸಾಲದಷ್ಟು ಬಿದ್ದಿರುವ ಕಾಂಕ್ರೀಟ್. ಆದ್ದರಿಂದ ಇಲ್ಲಿ ವಿನ್ಯಾಸದ ಆದ್ಯತೆಯೂ ಬೇರೆಯಾಗಬೇಕು.

ಸೀಮೆಯ ಸ್ವರೂಪ

ಮೂರೂ ತಾಲ್ಲೂಕುಗಳು ಹೆಚ್ಚುಕಡಿಮೆ ಎರೆ ಭೂಮಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಹಲವು ಸಲ ಕೆಲವೇ ದಿನಗಳಲ್ಲಿ ಸುರಿದು ಹೋಗುವಂಥದ್ದು. ಉಳಿದ ಕಾಲ ಒಣ ಹವೆ. ಗಜೇಂದ್ರಗಡದ ಕಡೆ ಮರಳುಗಲ್ಲಿನ ಗುಡ್ಡಸಾಲು ಬಂದು ನೆಲದ ಗುಣ ಬದಲಾಗುತ್ತದೆ. ಅಲ್ಲಿ ಅಡಿಪಾಯಕ್ಕೆ ಗಟ್ಟಿ ತಳ ಸಿಗುವಷ್ಟು ಸುಲಭವಾಗಿ ನರಗುಂದದ ಬಯಲಿನಲ್ಲಿ ಸಿಗುವುದಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲೆ ಕೂತ, ರಸ್ತೆಯಡಿ ನೀರು ಹಾಯಿಸುವ ಸಣ್ಣ ಸಿ.ಡಿ.ಗಳೂ ಮೋರಿಗಳೂ ವರ್ಷವರ್ಷ ಅಲುಗಾಡಿ ಬಿರುಕು ಬಿಡುತ್ತವೆ. ಆ ಬಿರುಕೇ ಮುಂದೆ ನೀರಿಗೆ ಬಾಗಿಲು.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಈ ಸೀಮೆಯ ಉತ್ತರದ ಅಂಚಿನಲ್ಲಿ ಹರಿಯುತ್ತದೆ. ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಅದರ ದಂಡೆಯ ಊರುಗಳು. ದಕ್ಷಿಣದಿಂದ ಹುಬ್ಬಳ್ಳಿ, ನವಲಗುಂದದ ನೀರನ್ನೆಲ್ಲ ಹೊತ್ತು ತರುವ ಬೆಣ್ಣೆಹಳ್ಳ ಮೆಣಸಗಿಯ ಬಳಿ ಮಲಪ್ರಭೆಯನ್ನು ಕೂಡುತ್ತದೆ. ಹೆಸರಿಗೆ ಹಳ್ಳವಾದರೂ ಉಕ್ಕಿದಾಗ ಅದು ಹೊಳೆಗೇನೂ ಕಡಿಮೆಯಲ್ಲ. ಯಾವಗಲ್ ಸುತ್ತಿನವರು ಇದನ್ನು ಪ್ರತಿ ದೊಡ್ಡ ಮಳೆಗಾಲದಲ್ಲೂ ಕಂಡವರು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ನರಗುಂದ, ಕೊಣ್ಣೂರು ಹಾದು ಮಲಪ್ರಭೆಯನ್ನು ದಾಟುತ್ತದೆ. ಭಾನಾಪುರದಿಂದ ಗದ್ದನಕೇರಿಗೆ ಹೋಗುವ ಹೆದ್ದಾರಿ 367 ಗಜೇಂದ್ರಗಡದ ಮೂಲಕ ಬಾದಾಮಿಯ ಕಡೆಗೆ ತಿರುಗುತ್ತದೆ. ಆದರೆ ಸಂಖ್ಯೆಯಲ್ಲಿ ಹೆಚ್ಚಿರುವುದು ಹೆದ್ದಾರಿಯ ದೊಡ್ಡ ಸೇತುವೆಗಳಲ್ಲ. ಹಳ್ಳಿ ರಸ್ತೆಗಳ ಹಳ್ಳದ ಪೂಲುಗಳು, ಕಾಲುವೆಯ ಮೇಲಿನ ಸಣ್ಣ ಸ್ಲ್ಯಾಬುಗಳು.

2009ರ ಸೆಪ್ಟೆಂಬರ್ ಕೊನೆಯ ಪ್ರವಾಹವೂ 2019ರ ಆಗಸ್ಟ್‌ನ ಪ್ರವಾಹವೂ ಈ ಭಾಗದ ಜನರ ನೆನಪಿನಲ್ಲಿ ಅಚ್ಚೊತ್ತಿವೆ. 2019ರಲ್ಲಿ ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರ ಜಲಾಶಯದಿಂದ ಬಿಟ್ಟ ನೀರಿಗೆ ಕೊಣ್ಣೂರು ಜಲಾವೃತವಾಗಿ ವಿಜಯಪುರದ ಹೆದ್ದಾರಿಯ ಸಂಚಾರವೇ ನಿಂತಿತ್ತು. ಕೊಣ್ಣೂರು ಮತ್ತು ಗೋವನಕೊಪ್ಪದ ನಡುವಿನ ಹಳೆಯ ಸೇತುವೆ ನದಿ ತುಂಬಿದಾಗಲೆಲ್ಲ ಮುಳುಗುವಂಥದ್ದು. ಪ್ರವಾಹ ಮಾಡುವ ಹಾನಿಯನ್ನೂ ತುಕ್ಕು ಮಾಡುವ ಹಾನಿಯನ್ನೂ ಒಂದೇ ಎಂದು ತಿಳಿಯಬಾರದು. ಪ್ರವಾಹ ಕೊರೆಯುವುದು ಸೇತುವೆಯ ಎರಡು ಕಡೆಯ ಕೂಡುರಸ್ತೆಯನ್ನು, ಕಂಬದ ಬುಡದ ಮಣ್ಣನ್ನು. ಅದು ಒಂದೇ ರಾತ್ರಿಯ ಕೆಲಸ. ತುಕ್ಕಿನದು ಇಪ್ಪತ್ತು, ಮೂವತ್ತು ವರ್ಷಗಳ ಕೆಲಸ. ಆದರೆ ಮುಳುಗಿ ಎದ್ದ ಡೆಕ್ಕಿನ ನೀರ್ಕೊಳವೆಗಳಲ್ಲಿ, ಸಂದುಗಳಲ್ಲಿ ಹೂಳು ಕೂತು ತಿಂಗಳುಗಟ್ಟಲೆ ತೇವ ಹಿಡಿದಿಡುವುದರಿಂದ ಒಂದು ಇನ್ನೊಂದಕ್ಕೆ ಹಾದಿ ಮಾಡಿಕೊಡುತ್ತದೆ.

ತುಕ್ಕು ಹಿಡಿಯುವ ಬಗೆ

ಹೊಸ ಕಾಂಕ್ರೀಟ್ ಬಲವಾದ ಕ್ಷಾರ. ಅದರ ರಂಧ್ರಗಳಲ್ಲಿರುವ ನೀರಿನ ಪಿಎಚ್ 12.5ರಿಂದ 13ರ ಆಸುಪಾಸು. ಅಷ್ಟು ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಆಕ್ಸೈಡ್ ಪೊರೆಯೊಂದು ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಈ ಪೊರೆ ಎರಡು ರೀತಿಯಲ್ಲಿ ಒಡೆಯುತ್ತದೆ. ಕ್ಲೋರೈಡ್ ಲವಣ ಸರಳಿನ ತನಕ ಇಳಿದರೆ ಅಲ್ಲಲ್ಲಿ ಚುಚ್ಚಿದಂತೆ ಒಡೆಯುತ್ತದೆ. ಇನ್ನೊಂದು ರೀತಿ ಕಾರ್ಬೊನೀಕರಣ: ಗಾಳಿಯ ಇಂಗಾಲದ ಡೈಆಕ್ಸೈಡ್ ಮೆಲ್ಲಗೆ ಒಳಹೊಕ್ಕು ಕಾಂಕ್ರೀಟಿನ ಸುಣ್ಣವನ್ನು ಕಾರ್ಬೊನೇಟ್ ಮಾಡುತ್ತದೆ, ಪಿಎಚ್ 9ಕ್ಕಿಂತ ಕೆಳಗಿಳಿಯುತ್ತದೆ, ಪೊರೆ ಒಟ್ಟಾಗಿ ಕಳಚಿಹೋಗುತ್ತದೆ. ಆಮೇಲೆ ನೀರೂ ಆಮ್ಲಜನಕವೂ ಸಿಕ್ಕರೆ ಸಾಕು. ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿ ಒತ್ತಿ ಮೊದಲು ಸರಳಿನ ಉದ್ದಕ್ಕೂ ಗೆರೆಯಂಥ ಬಿರುಕು, ಬಳಿಕ ಕಂದು ಕಲೆ, ಕೊನೆಗೆ ತಳದ ಕಾಂಕ್ರೀಟ್ ಹಪ್ಪಳದಂತೆ ಎದ್ದು ಉದುರುವುದು.

ಕಾರ್ಬೊನೀಕರಣದ ಲೆಕ್ಕ ತಿಳಿದವರು ಕವರ್ ವಿಷಯದಲ್ಲಿ ರಾಜಿಯಾಗುವುದಿಲ್ಲ. ಸರಳಿನ ಹೊರಮೈಯಿಂದ ಕಾಂಕ್ರೀಟಿನ ಹೊರಮೈವರೆಗಿನ ದಪ್ಪವೇ ಕವರ್. ಕಾರ್ಬೊನೀಕರಣ ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ಅನುಗುಣ. ಒಂದು ಕಾಂಕ್ರೀಟಿನಲ್ಲಿ ಮೊದಲ ವರ್ಷ 4 ಮಿಲಿಮೀಟರ್ ಇಳಿಯಿತೆಂದರೆ 25 ವರ್ಷಕ್ಕೆ 20 ಮಿಲಿಮೀಟರ್, 100 ವರ್ಷಕ್ಕೆ 40 ಮಿಲಿಮೀಟರ್. ಅಂದರೆ 40 ಮಿಲಿಮೀಟರ್ ಕವರ್ ಇಡಬೇಕಾದಲ್ಲಿ 20 ಇಟ್ಟರೆ ಆಯುಷ್ಯ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಸ್ಲ್ಯಾಬ್ ಹಾಕುವ ದಿನ ಕವರ್ ಬ್ಲಾಕ್ ಬದಲು ಖಡಿಯ ಚೂರು ಸಿಕ್ಕಿಸಿ, ಆಳುಗಳು ಸರಳಿನ ಜಾಲದ ಮೇಲೆ ಓಡಾಡಿ ಅದು ಸೆಂಟ್ರಿಂಗಿಗೆ ತಾಗಿಕೊಂಡರೆ ಆಗುವ ನಷ್ಟ ಇದು. ಇದನ್ನು ಆಮೇಲೆ ಯಾವ ಬಣ್ಣ ಬಳಿದೂ ತುಂಬಿಕೊಡಲಾಗದು.

ಸಂಹಿತೆಯ ಪಟ್ಟಿಯನ್ನು ಓದುವ ಕ್ರಮ

ಭಾರತದಲ್ಲಿ ಕಾಂಕ್ರೀಟ್ ರಸ್ತೆ ಸೇತುವೆಗಳಿಗೆ ಆಧಾರ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2011ರಲ್ಲಿ ಮೊದಲು ಹೊರತಂದ ಐಆರ್‌ಸಿ 112. ಪರಿಸರವನ್ನು ಅದು ಮಧ್ಯಮ, ತೀವ್ರ, ಅತಿತೀವ್ರ, ಪರಮತೀವ್ರ ಎಂದು ನಾಲ್ಕು ವರ್ಗ ಮಾಡುತ್ತದೆ. 100 ವರ್ಷ ಬಾಳಬೇಕಾದ ಸೇತುವೆಗೆ ಮಧ್ಯಮ ಪರಿಸರದಲ್ಲಿ ಕನಿಷ್ಠ ಎಂ 25 ದರ್ಜೆಯ ಕಾಂಕ್ರೀಟ್, ಘನಮೀಟರಿಗೆ 340 ಕಿಲೋ ಸಿಮೆಂಟ್, ನೀರು–ಸಿಮೆಂಟ್ ಪ್ರಮಾಣ 0.45ರೊಳಗೆ, ಕವರ್ 40 ಮಿಲಿಮೀಟರ್. ತೀವ್ರ ಪರಿಸರಕ್ಕೆ ಎಂ 30, 360 ಕಿಲೋ, ಕವರ್ 45. ಅತಿತೀವ್ರಕ್ಕೆ ಎಂ 40, 380 ಕಿಲೋ, 0.40, ಕವರ್ 50. ಪರಮತೀವ್ರಕ್ಕೆ ಎಂ 45, 400 ಕಿಲೋ, 0.35, ಕವರ್ 75.

ಕಡಲಿನಿಂದ ದೂರ, ಹಾಗಾಗಿ ನಮ್ಮದು ಮಧ್ಯಮ ಪರಿಸರ ಎಂದು ಬರೆದುಬಿಡುವ ರೂಢಿ ಬಯಲುಸೀಮೆಯಲ್ಲಿ ಸಹಜವಾಗಿ ಬೆಳೆಯುತ್ತದೆ. ಆದರೆ ಪಟ್ಟಿಯ ವಿವರಣೆ ಓದಿದರೆ ಚಿತ್ರ ತಿರುಗುತ್ತದೆ. ಮಧ್ಯಮ ಎಂದರೆ ಸದಾ ಒಣಗಿರುವ ಇಲ್ಲವೇ ಸದಾ ಒದ್ದೆಯಾಗಿರುವ ಕಾಂಕ್ರೀಟ್. ಗಾಳಿಯ ಸಾಪೇಕ್ಷ ತೇವಾಂಶ 50ರಿಂದ 70 ಶೇಕಡದ ನಡುವೆ ಇರುವ ಕಡೆಯನ್ನು ಸಂಹಿತೆ ಅತಿತೀವ್ರದ ಸಾಲಿಗೆ ಸೇರಿಸುತ್ತದೆ. ಕಾರಣ ಸರಳ: ಕಾರ್ಬೊನೀಕರಣ ಅತ್ಯಂತ ಚುರುಕಾಗಿ ನಡೆಯುವುದು ಈ ತೇವಾಂಶದಲ್ಲೇ. ರಂಧ್ರ ಪೂರ್ತಿ ನೀರಿನಿಂದ ತುಂಬಿದ್ದರೆ ಅನಿಲ ಒಳಹೋಗದು, ಪೂರ್ತಿ ಒಣಗಿದ್ದರೆ ರಾಸಾಯನಿಕ ಕ್ರಿಯೆಗೆ ನೀರಿಲ್ಲ; ನಡುವಿನದೇ ಕಷ್ಟ. ಇನ್ನು ಒದ್ದೆಯಾಗುತ್ತ ಒಣಗುತ್ತ ಇರುವ ಕಾಂಕ್ರೀಟು, ಕೆಟ್ಟ ಲವಣವಿರುವ ಮಣ್ಣು ಅಥವಾ ಅಂತರ್ಜಲಕ್ಕೆ ನೇರ ತಾಗಿದ ಕಾಂಕ್ರೀಟು ಪರಮತೀವ್ರ ವರ್ಗಕ್ಕೆ ಸೇರುತ್ತವೆ. ವರ್ಷದಲ್ಲಿ ತೇವಾಂಶ ಆ ನಡುವಿನ ಮಟ್ಟದಲ್ಲಿರುವ ಕಾಲವನ್ನು ಲೆಕ್ಕಕ್ಕೆ ಹಿಡಿದರೆ ರೋಣದ ಹಳ್ಳಿ ರಸ್ತೆಯ ಡೆಕ್ಕಿಗೆ ಎಂ 40 ಮತ್ತು 50 ಮಿಲಿಮೀಟರ್ ಕವರ್ ಕೇಳುವುದು ದುಂದಲ್ಲ. ಮಲಪ್ರಭಾ ಅಚ್ಚುಕಟ್ಟಿನ ಸವಳು ನೆಲದಲ್ಲಿ ನಿಂತ ಕಂಬಕ್ಕೆ, ಬಾಕ್ಸ್ ಮೋರಿಯ ಗೋಡೆಗೆ 75 ಮಿಲಿಮೀಟರ್ ಬೇಕಾದೀತು. ವಿನ್ಯಾಸಕಾರ ಸೀಮೆಯ ಹೆಸರನ್ನಲ್ಲ, ಆಯಾ ಅಂಗದ ಸ್ಥಿತಿಯನ್ನು ನೋಡಿ ವರ್ಗ ಹಾಕಬೇಕು. ಒಂದೇ ಸೇತುವೆಯಲ್ಲಿ ಎರಡು ವರ್ಗ ಬಂದರೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಬಿರುಕಿನ ಅಗಲಕ್ಕೂ ಮಿತಿಯಿದೆ: ಮಧ್ಯಮ, ತೀವ್ರ ಪರಿಸರಗಳಲ್ಲಿ 0.3 ಮಿಲಿಮೀಟರ್, ಅದಕ್ಕೂ ಮೇಲಿನವುಗಳಲ್ಲಿ 0.2. ಇದನ್ನು ಸಾಧಿಸುವ ಉಪಾಯ ದಪ್ಪ ಸರಳುಗಳನ್ನು ದೂರದೂರ ಹಾಕುವುದಲ್ಲ, ಸಣ್ಣ ಸರಳುಗಳನ್ನು ಹತ್ತಿರಹತ್ತಿರ ಹಾಕುವುದು. ಡೆಕ್ ಸ್ಲ್ಯಾಬಿನ ದಪ್ಪ 200 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಮೇಲೂ ಕೆಳಗೂ 50 ಮಿಲಿಮೀಟರ್ ಕವರ್ ಬಿಟ್ಟು ಎರಡು ಜಾಲ ಕೂರಿಸಿ ವೈಬ್ರೇಟರ್ ಇಳಿಸಬೇಕೆಂದರೆ 220, 240 ಇಟ್ಟುಕೊಳ್ಳುವುದೇ ಕ್ಷೇಮ.

ಕಾಂಕ್ರೀಟ್, ಸಿಮೆಂಟ್, ನೀರು

ಈ ಸೀಮೆಗೆ ಒಂದು ಅನುಕೂಲವಿದೆ. ಬಾಗಲಕೋಟೆಯ ಕಡೆ ಸುಣ್ಣಕಲ್ಲು, ಸಿಮೆಂಟ್ ಕಾರ್ಖಾನೆ; ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗಳಿಂದ ಕಿಟ್ಟ; ರಾಯಚೂರಿನ ಶಕ್ತಿನಗರ ಮತ್ತು ವಿಜಯಪುರ ಜಿಲ್ಲೆಯ ಕೂಡಗಿಯ ಶಾಖೋತ್ಪನ್ನ ಸ್ಥಾವರಗಳಿಂದ ಹಾರುಬೂದಿ. ನುಣ್ಣಗೆ ಅರೆದ ಕಿಟ್ಟವನ್ನು ಸಿಮೆಂಟಿಗೆ ಬೆರೆಸಿದರೆ ಕಾಂಕ್ರೀಟಿನ ರಂಧ್ರಗಳು ಕಿರಿದಾಗುತ್ತವೆ, ಕ್ಲೋರೈಡೂ ಸಲ್ಫೇಟೂ ಒಳಗಿಳಿಯುವುದು ಬಹಳ ನಿಧಾನವಾಗುತ್ತದೆ. ಸವಳು ನೆಲಕ್ಕೆ ಇದು ಹೇಳಿಮಾಡಿಸಿದ್ದು. ಸಲ್ಫೇಟ್ ನಿರೋಧಕ ಸಿಮೆಂಟನ್ನು ಮಾತ್ರ ನಂಬಿ ಕೂರುವಂತಿಲ್ಲ: ಅದರಲ್ಲಿ ಕ್ಲೋರೈಡನ್ನು ಹಿಡಿದಿಡುವ ಅಲ್ಯೂಮಿನೇಟ್ ಅಂಶ ಕಡಿಮೆ, ಎರಡು ಲವಣವೂ ಇರುವಲ್ಲಿ ಕಿಟ್ಟದ ಸಿಮೆಂಟೇ ವಾಸಿ. ಸುಣ್ಣಕಲ್ಲು ಮತ್ತು ಸುಟ್ಟ ಜೇಡಿ ಬೆರೆಸಿದ ಎಲ್‌ಸಿ3 ಸಿಮೆಂಟಿಗೂ 2023ರಲ್ಲಿ ಭಾರತೀಯ ಮಾನಕ ಬಂದಿದೆ. ಐಐಟಿ ದೆಹಲಿ, ಐಐಟಿ ಮದ್ರಾಸ್ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ಸಂಸ್ಥೆಯವರು ಕೂಡಿ ಬೆಳೆಸಿದ ಸಿಮೆಂಟ್ ಅದು.

ಇಲ್ಲೊಂದು ಎಚ್ಚರಿಕೆ ಬೇಕು. ಕಿಟ್ಟ, ಹಾರುಬೂದಿ ಬೆರೆತ ಸಿಮೆಂಟಿನಲ್ಲಿ ಸುಣ್ಣದ ಅಂಶ ಖರ್ಚಾಗಿ ಕಡಿಮೆಯಾಗಿರುತ್ತದೆ. ನೀರುಣಿಸುವುದು ಸರಿಯಾಗದಿದ್ದರೆ ಕಾರ್ಬೊನೀಕರಣ ಸಾದಾ ಸಿಮೆಂಟಿಗಿಂತ ಬೇಗ ಇಳಿಯುತ್ತದೆ. ಕಡಲತೀರದ ಸಲಹೆಯನ್ನು ಹಾಗೆಯೇ ಎರೆ ಸೀಮೆಗೆ ತಂದು ಹಾಕಿದರೆ ಆಗುವ ತೊಡಕು ಇದೇ. ಬೆರಕೆ ಸಿಮೆಂಟ್ ಬಳಸುವುದಾದರೆ 14 ದಿನ ಕ್ಯೂರಿಂಗ್ ತಪ್ಪಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಬಯಲ ಬಿಸಿಗಾಳಿಗೆ ಹಸಿ ಸ್ಲ್ಯಾಬಿನ ಮೇಲ್ಮೈ ಗಂಟೆಯೊಳಗೆ ಒಣಗಿ ಸಣ್ಣ ಬಿರುಕು ಬಿಡುತ್ತದೆ. ಆದ್ದರಿಂದ ಬೆಳಗಿನ ಜಾವ ಇಲ್ಲವೇ ಸಂಜೆ ಕಾಂಕ್ರೀಟ್ ಹಾಕುವುದು, ಹಾಕಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಗಟ್ಟಿಯಾದ ಮೇಲೆ ಡೆಕ್ಕಿನ ಮೇಲೆ ಸಣ್ಣ ಮಡಿ ಕಟ್ಟಿ ನೀರು ನಿಲ್ಲಿಸುವುದು ಒಳ್ಳೆಯ ಪದ್ಧತಿ. ಗೋಣಿತಟ್ಟು ಹೊದಿಸಿ ದಿನಕ್ಕೆ ಎರಡು ಸಲ ಪೈಪು ಹಿಡಿದು ಹೋಗುವುದು ಇಲ್ಲಿನ ಬಿಸಿಲಿಗೆ ಏನೂ ಸಾಲದು.

ನೀರು ಎಲ್ಲಿಂದ ತರುವುದು ಎಂಬುದೂ ಪ್ರಶ್ನೆಯೇ. ಕೆಲಸದ ಜಾಗಕ್ಕೆ ಹತ್ತಿರದ ಬೋರಿನಿಂದ ಟ್ಯಾಂಕರಿನಲ್ಲಿ ನೀರು ಬರುತ್ತದೆ. ಕುಡಿದರೆ ಸಪ್ಪೆಯೋ ಸವುಳೋ ಎಂದು ನಾಲಗೆ ಹೇಳಬಹುದು, ಕ್ಲೋರೈಡ್ ಎಷ್ಟೆಂದು ಹೇಳದು. ಐಎಸ್ 456ರ ಪ್ರಕಾರ ಸರಳು ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ ಮೀರಬಾರದು. ಪಿಎಚ್ 6ಕ್ಕಿಂತ ಕೆಳಗಿರಬಾರದು. ಕಾಂಕ್ರೀಟಿನ ಒಟ್ಟು ಕ್ಲೋರೈಡ್ ಸಿಮೆಂಟಿನ ತೂಕದ ಶೇಕಡ 0.3ರೊಳಗೆ, ತೀವ್ರ ಪರಿಸರದಿಂದ ಮೇಲಕ್ಕೆ 0.2ರೊಳಗೆ, ಎಳೆದು ಬಿಗಿದ ತಂತಿಗಳಿರುವ ಪೂರ್ವಬಿಗಿತದ ಕಾಂಕ್ರೀಟಿನಲ್ಲಿ 0.1ರೊಳಗೆ ಇರಬೇಕೆಂದು ಐಆರ್‌ಸಿ ಹೇಳುತ್ತದೆ. ಗದಗ ಜಿಲ್ಲೆಯ ಬೋರುಗಳಿಗೆ ಅಪಖ್ಯಾತಿ ತಂದಿರುವ ಫ್ಲೋರೈಡ್ ಮನುಷ್ಯರ ಹಲ್ಲು, ಮೂಳೆಗೆ ಕೇಡು. ಸರಳಿಗೆ ಅದರಿಂದ ಅಂಥ ಭಯವಿಲ್ಲ. ಭಯವಿರುವುದು ಕ್ಲೋರೈಡಿನದು. ಹಳ್ಳದ ಉಸುಕು ಬಳಸಿದರೆ ಅದನ್ನೂ ಪರೀಕ್ಷೆಗೆ ಕಳಿಸಬೇಕು. ಸವಳು ಭೂಮಿಯಿಂದ ಬಸಿದು ಬಂದ ಹಳ್ಳದಲ್ಲಿ ಬೇಸಿಗೆಗೆ ದಂಡೆಯ ಮೇಲೆ ಬೆಳ್ಳಗೆ ಕಟ್ಟುವ ಪುಡಿ ಲವಣವೇ.

ನೀರಿಗೆ ದಾರಿ

ಡೆಕ್ಕಿನ ಬಾಳಿಕೆಗೆ ನೀರು ನಿಲ್ಲದಂತೆ ಮಾಡುವುದಕ್ಕಿಂತ ಅಗ್ಗದ, ಅದಕ್ಕಿಂತ ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಡೆಕ್ಕಿನ ಮೇಲ್ಮೈಗೆ ಶೇಕಡ 2.5ರಷ್ಟು ಅಡ್ಡ ಇಳಿಜಾರು ಕೊಟ್ಟು, ಕರ್ಬಿನ ಬುಡದಲ್ಲಿ ನೀರ್ಕೊಳವೆಗಳನ್ನು ಕೂರಿಸಿ, ಬಿದ್ದ ಮಳೆ ಬಿದ್ದ ಹಾಗೇ ಹೊರಗೆ ಹೋಗುವಂತೆ ಮಾಡಬೇಕು. ಕೊಳವೆಯ ಬಾಯಿ ಸ್ಲ್ಯಾಬಿನ ತಳಕ್ಕೆ ಸಮವಾಗಿ ನಿಂತರೆ ನೀರು ಹಿಂದೆ ಸರಿದು ತಳಕ್ಕೆ ಅಂಟಿಕೊಂಡು ಡೆಕ್ಕನ್ನು ಹೊತ್ತ ತೊಲೆಯಾದ ಗರ್ಡರ್‌ಗೆ ಇಳಿಯುತ್ತದೆ. ಗರ್ಡರಿನ ತಳಕ್ಕಿಂತ ಕೆಳಗೆ ಇಳಿಯುವಷ್ಟು ಉದ್ದ ಬಿಡಬೇಕು. ಡೆಕ್ಕಿನ ಹೊರಚಾಚಿನ ಅಂಚಿನ ತಳದಲ್ಲಿ, ಕೆಲಸದವರು ಡ್ರಿಪ್ ಕೋರ್ಸ್ ಎನ್ನುವ ಒಂದು ಸಣ್ಣ ಕಚ್ಚು ಇದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಸೆಂಟ್ರಿಂಗ್ ಕಟ್ಟುವಾಗ ಒಂದು ಮರದ ಪಟ್ಟಿ ಮೊಳೆ ಹೊಡೆದರೆ ಮುಗಿಯುವ ಕೆಲಸ. ಬಹಳ ಸಲ ನಕ್ಷೆಯಲ್ಲಿದ್ದೂ ಕೆಲಸದಲ್ಲಿ ಬಿಟ್ಟುಹೋಗುವುದು ಇಂಥವೇ.

ಈ ಸೀಮೆಯಲ್ಲಿ ಕೊಳವೆ ಕಟ್ಟಿಕೊಳ್ಳುವುದಕ್ಕೆ ಸ್ಥಳೀಯ ಕಾರಣಗಳಿವೆ. ಮಳೆ ಬಿದ್ದ ಹೊಲದಿಂದ ರಸ್ತೆಗೆ ಏರುವ ಟ್ರ್ಯಾಕ್ಟರಿನ ಗಾಲಿ ಹೆಂಟೆಗಟ್ಟಲೆ ಎರೆ ಮಣ್ಣನ್ನು ತಂದು ಡೆಕ್ಕಿನ ಮೇಲೆ ಉದುರಿಸುತ್ತದೆ. ಆ ಮಣ್ಣು ಅಂಟಿದರೆ ಮಳೆಗೂ ತೊಳೆದುಹೋಗುವುದಿಲ್ಲ. ಸುಗ್ಗಿಯಲ್ಲಿ ಗೋವಿನಜೋಳ, ಕಡಲೆ, ಹುರುಳಿಯನ್ನು ರಸ್ತೆಯಲ್ಲೇ ಹರವಿ ಒಣಗಿಸುವುದು, ಗಾಡಿ ಹಾಯಿಸಿ ಒಕ್ಕುವುದು ಎಲ್ಲರೂ ಕಂಡದ್ದೇ. ಸಮತಟ್ಟಾದ ಸೇತುವೆ ಅದಕ್ಕೆ ಒಳ್ಳೆಯ ಕಣ. ಹೊಟ್ಟು, ಮಣ್ಣು ಕಲೆತು 100 ಮಿಲಿಮೀಟರಿನ ಕೊಳವೆಯನ್ನು ಒಂದೇ ಹಂಗಾಮಿಗೆ ಬಿಗಿದುಬಿಡುತ್ತವೆ. ಕಿರಿದಾದ ಕೊಳವೆಗಳಿಗಿಂತ ಅಗಲ ಬಾಯಿಯ, ಕೈಹಾಕಿ ತೆಗೆಯಬಲ್ಲ ಜಾಲರಿಯ ಕೊಳವೆ ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಸಣ್ಣ ಪೂಲುಗಳಲ್ಲಿ ಕರ್ಬನ್ನೇ ಅಲ್ಲಲ್ಲಿ ಕಡಿದು ನೀರು ಪಕ್ಕಕ್ಕೆ ಬೀಳುವಂತೆ ಮಾಡುವುದೂ ಉಂಟು.

ಡಾಂಬರು ಮೇಲೆ ಡಾಂಬರು ಹಾಕುವುದು ಇನ್ನೊಂದು ಕೇಡು. ರಸ್ತೆ ನವೀಕರಣ ಬಂದಾಗಲೆಲ್ಲ ಡೆಕ್ಕಿನ ಮೇಲೂ ಒಂದು ಪದರ ಏರುತ್ತದೆ. ಹಳೆಯದನ್ನು ಕೆರೆದು ತೆಗೆಯುವುದಿಲ್ಲ. ಸೇತುವೆಯ ಸ್ವಂತ ಭಾರ ಹೆಚ್ಚುತ್ತದೆ, ಕೊಳವೆಯ ಬಾಯಿ ಹೂತುಹೋಗುತ್ತದೆ, ಹಿಗ್ಗುಸಂದು ಮುಚ್ಚಿಹೋಗುತ್ತದೆ. ಡಾಂಬರು ತಾನಾಗಿ ನೀರು ತಡೆಯುವುದಿಲ್ಲ. ಅದರ ಕೆಳಗೆ ಮಾಸ್ಟಿಕ್ ಆಸ್ಫಾಲ್ಟ್ ಅಥವಾ ನೀರುತಡೆ ಪೊರೆ ಇಲ್ಲದಿದ್ದರೆ ನೀರು ಎರಡರ ನಡುವೆ ಸಿಕ್ಕಿಕೊಂಡು ಕಾಂಕ್ರೀಟಿನೊಳಗೇ ಇಳಿಯುತ್ತದೆ. ಹಿಗ್ಗುಸಂದಿನ ರಬ್ಬರು ಹರಿದಲ್ಲಿ ಗರ್ಡರಿನ ತುದಿ, ಬೇರಿಂಗ್, ಕಂಬದ ತಲೆ ಸದಾ ಒದ್ದೆ. ಅದರಿಂದಲೇ ಈಗ ಸಂದುಗಳನ್ನು ಕಡಿಮೆ ಮಾಡುವ, ಡೆಕ್ಕನ್ನು ಹಲವು ಅಂಕಣಗಳಿಗೆ ಒಂದೇ ಸಮ ಹರಿಸುವ, ಸಣ್ಣ ಸೇತುವೆಗಳಲ್ಲಿ ಡೆಕ್ಕನ್ನೂ ಕಂಬವನ್ನೂ ಒಂದಾಗಿ ಎರೆಯುವ ವಿನ್ಯಾಸಕ್ಕೆ ಒಲವು. ಎರೆ ಮಣ್ಣಿನಲ್ಲಿ ಮಾತ್ರ ಇದನ್ನು ಜೋಪಾನವಾಗಿ ಮಾಡಬೇಕು, ಒಂದು ಬುಡ ಅಲುಗಾಡಿದರೆ ಡೆಕ್ಕೇ ಬಿರಿಯುತ್ತದೆ.

ಸವಳು ನೆಲದ ಸೇತುವೆಗಳು

ರೇಣುಕಾಸಾಗರ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ ಅಡಿ. 1970ರ ದಶಕದಲ್ಲಿ ಅದರ ನೀರು ಬಲದಂಡೆ ಕಾಲುವೆಯ ಮೂಲಕ ನವಲಗುಂದ, ನರಗುಂದದ ಕಡೆಗೆ ಹರಿಯಿತು. ಆ ನೀರು, ಅದರ ಮೇಲೆ ಹಾಕಿದ ಕರಗಳು 1980ರ ಜುಲೈ 21ರ ನರಗುಂದದ ರೈತ ಬಂಡಾಯಕ್ಕೆ ಕಾರಣವಾದದ್ದು ಕರ್ನಾಟಕದ ಇತಿಹಾಸದ ಭಾಗ. ಎಂಜಿನಿಯರಿಗೆ ಬೇಕಾದ ಸಂಗತಿ ಬೇರೆ: ಬಸಿಗಾಲುವೆ ಸಾಲದ ಎರೆ ನೆಲಕ್ಕೆ ನೀರು ಹೆಚ್ಚಾಗಿ ಅಂತರ್ಜಲ ಮೇಲೆದ್ದು, ಆಳದ ಲವಣ ಮೇಲ್ಮೈಗೆ ಬಂದು, ಅಚ್ಚುಕಟ್ಟಿನ ಅನೇಕ ಕಡೆ ಭೂಮಿ ಸವಳು ಜವಳಾಯಿತು.

ಇಂಥ ನೆಲದಲ್ಲಿ ನಿಂತ ಕಾಂಕ್ರೀಟು ಬತ್ತಿಯ ಕೆಲಸ ಮಾಡುತ್ತದೆ. ಬುಡದಿಂದ ಲವಣದ ನೀರು ಹೀರಿಕೊಂಡು, ನೆಲದಿಂದ ಸ್ವಲ್ಪ ಮೇಲೆ ಬಿಸಿಲು ಗಾಳಿ ತಾಗುವ ಕಡೆ ನೀರು ಆರಿ ಲವಣ ಉಳಿಯುತ್ತದೆ. ಕಂಬದಲ್ಲಿ ಮೊದಲು ಕೆಡುವುದು ಮಣ್ಣಿನೊಳಗಿನ ಭಾಗವಲ್ಲ, ನೆಲಮಟ್ಟದ ಮೇಲಿನ ಆ ಪಟ್ಟಿ. ಎತ್ತರದ ಸೇತುವೆಯ ಡೆಕ್ಕಿಗೆ ಇದು ತಲುಪದು. ಆದರೆ ಬಾಕ್ಸ್ ಮೋರಿಗಳಲ್ಲಿ ಮೇಲಿನ ಹಾಸು, ಗೋಡೆ, ತಳ ಒಂದೇ ಎರಕ. ಹಾಸು ನೆಲದಿಂದ ಮೀಟರು, ಎರಡು ಮೀಟರು ಮಾತ್ರ ಮೇಲೆ. ಕಾಲುವೆಯ ಮೇಲಿನ ಸ್ಲ್ಯಾಬುಗಳ ತಳವಂತೂ ನೀರು ಬಿಟ್ಟ ತಿಂಗಳುಗಳಲ್ಲಿ ತೇವದಲ್ಲಿದ್ದು, ನೀರು ನಿಲ್ಲಿಸಿದಾಗ ಒಣಗುತ್ತದೆ. ಒದ್ದೆ, ಒಣ, ಮತ್ತೆ ಒದ್ದೆ. ಸಂಹಿತೆಯ ಪರಮತೀವ್ರ ವರ್ಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಒಳನಾಡಿನಲ್ಲಿ ಹುಡುಕುವುದು ಕಷ್ಟ. ಇಲ್ಲಿ ಕಿಟ್ಟದ ಸಿಮೆಂಟ್, ಮಣ್ಣಿಗೆ ತಾಗುವ ಮೈಗೆ ಬಿಟುಮಿನ್ ಲೇಪ, ಗೋಡೆಯ ಹಿಂದೆ ಎರೆ ಮಣ್ಣಿನ ಬದಲು ನೀರು ಬಸಿಯುವ ಗರಸು ತುಂಬುವುದು ಸರಿಯಾದ ಕ್ರಮ. ಮುಳುಗುಸೇತುವೆ, ಕಾಸ್‌ವೇಗಳಿಗೆ ಐಆರ್‌ಸಿಯ ಪ್ರತ್ಯೇಕ ಮಾರ್ಗಸೂಚಿ ಎಸ್‌ಪಿ 82 ಇದೆ.

ಸರಳುಗಳ ಆಯ್ಕೆ

1970, 80ರ ದಶಕಗಳಲ್ಲಿ ದೇಶದಾದ್ಯಂತ ಬಳಕೆಯಲ್ಲಿದ್ದುದು ತಿರುಚಿದ ಟಾರ್ ಸರಳು. ತಿರುಚುವಾಗ ಮೈಯಲ್ಲಿ ಉಳಿದ ಬಿಗಿತದಿಂದ ಅದಕ್ಕೆ ತುಕ್ಕು ಬೇಗ ಹತ್ತುತ್ತಿತ್ತು. ಈಗಿನ ಟಿಎಂಟಿ ಅದಕ್ಕಿಂತ ಮೇಲು. ಕ್ರೋಮಿಯಂ, ತಾಮ್ರ ಸ್ವಲ್ಪ ಬೆರೆಸಿದ ಸಿಆರ್‌ಎಸ್ ಸರಳುಗಳೂ ಮಾರುಕಟ್ಟೆಯಲ್ಲಿವೆ. ಅವು ತುಕ್ಕನ್ನು ತಡೆಯುವುದಿಲ್ಲ, ತಡವಾಗಿಸುತ್ತವೆ ಅಷ್ಟೇ.

ಎಪಾಕ್ಸಿ ಲೇಪಿತ ಸರಳು ಡೆಕ್ಕಿನಲ್ಲಿ ಮೊದಲು ಬಳಕೆಯಾದದ್ದು 1973ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ. ಹಿಮದ ಉಪ್ಪಿನ ನಾಡಿನಲ್ಲಿ ಅದು ಬೇಗ ಹರಡಿತು. 1986ರ ವೇಳೆಗೆ ಫ್ಲಾರಿಡ ಕೀಸ್ ದ್ವೀಪಮಾಲೆಯ ಸೇತುವೆಗಳ ಕಂಬಗಳಲ್ಲಿ ಅದೇ ಲೇಪದ ಸರಳು ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದದ್ದು ಕಂಡು ಭರವಸೆ ಅಲುಗಿತು. ಲೇಪ ಒಂದು ಕಡೆ ಗೀಚಿಹೋದರೆ ತುಕ್ಕೆಲ್ಲ ಅಲ್ಲೇ ಕೇಂದ್ರೀಕರಿಸಿ ಒಳಗೊಳಗೇ ಹಬ್ಬುತ್ತದೆ. ನಮ್ಮ ಕೆಲಸದ ಜಾಗದಲ್ಲಿ ಸರಳನ್ನು ಲಾರಿಯಿಂದ ಎಳೆದು ಕೆಡವುವುದು, ಖಡಿಯ ಮೇಲೆ ಎಳೆಯುವುದು, ಬೈಂಡಿಂಗ್ ವೈರಿನಿಂದ ಬಿಗಿಯುವುದು ನೋಡಿದವರು ಈ ಸರಳನ್ನು ಈ ಸೀಮೆಗೆ ಶಿಫಾರಸು ಮಾಡಲಾರರು. ಕಾರೈಕುಡಿಯ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ರೂಪಿಸಿದ ಸಿಮೆಂಟ್–ಪಾಲಿಮರ್ ಲೇಪ ಇದಕ್ಕಿಂತ ಒರಟು ಕೆಲಸ ತಡೆಯುತ್ತದೆ, ಗೀಚಿದಲ್ಲಿ ಸ್ಥಳದಲ್ಲೇ ಬಳಿಯಬಹುದು. ಸತು ಲೇಪಿತ ಸರಳು ಕಾರ್ಬೊನೀಕರಣದ ಎದುರು ಚೆನ್ನಾಗಿ ನಿಲ್ಲುತ್ತದೆ, ಹಾಗಾಗಿ ಒಳನಾಡಿಗೆ ಅದು ತಾರ್ಕಿಕ ಆಯ್ಕೆ.

ಸ್ಟೇನ್‌ಲೆಸ್ ಸರಳಿಗೆ ಎದುರಿಲ್ಲ. ಮೆಕ್ಸಿಕೊದ ಪ್ರೊಗ್ರೆಸೊ ಬಂದರಿನ ಕಟ್ಟೆಯಲ್ಲಿ 1941ರ ಸುಮಾರಿಗೆ ಹಾಕಿದ ಅಂಥ ಸರಳು ಕಡಲಿನೊಳಗೇ ದಶಕಗಳ ಕಾಲ ಬಾಳಿತು. ಅದರ ದುಬಾರಿ ಬೆಲೆ ಕಾಳಿ, ಶರಾವತಿ, ನೇತ್ರಾವತಿ ಅಳಿವೆಗಳ ಸೇತುವೆಗೆ ಸಮರ್ಥನೀಯ, ಬೆಣ್ಣೆಹಳ್ಳದ ಡೆಕ್ಕಿಗೆ ಅಲ್ಲ. ಗಾಜಿನೆಳೆಯ ಸರಳಿಗೆ ತುಕ್ಕೆಂಬುದೇ ಇಲ್ಲ. ತೂಕ ಉಕ್ಕಿನ ಕಾಲು ಭಾಗ. ಅಮೆರಿಕದ ವೆಸ್ಟ್ ವರ್ಜೀನಿಯದ ಮೆಕಿನ್ಲೆವಿಲ್ ಸೇತುವೆಯ ಡೆಕ್ಕಿನಲ್ಲಿ 1996ರಲ್ಲಿ ಅದನ್ನು ಬಳಸಿದರು. ಭಾರತದಲ್ಲಿ ಅದಕ್ಕೆ ಐಎಸ್ 18256 ಎಂಬ ಮಾನಕ 2023ರಲ್ಲಿ ಬಂತು. ಆದರೆ ಅದರ ಬಿಗಿಗುಣ ಉಕ್ಕಿನ ಸುಮಾರು ಕಾಲು ಭಾಗ ಮಾತ್ರ, ಹಾಗಾಗಿ ಬಾಗುವಿಕೆ, ಬಿರುಕುಗಳೇ ವಿನ್ಯಾಸವನ್ನು ನಿರ್ಧರಿಸುತ್ತವೆ. ಕೆಲಸದ ಜಾಗದಲ್ಲಿ ಅದನ್ನು ಬಗ್ಗಿಸುವಂತಿಲ್ಲ. ಮುರಿಯುವ ಮುನ್ನ ಬಾಗಿ ಎಚ್ಚರಿಸುವುದೂ ಇಲ್ಲ. ಸವಳು ನೆಲದ ಬಾಕ್ಸ್ ಮೋರಿಗೆ ಪ್ರಯೋಗವಾಗಿ ನೋಡಬಹುದಾದ ವಸ್ತು.

ಪೂರ್ವಬಿಗಿತದ ಡೆಕ್ಕುಗಳ ಮಾತು ಬೇರೆ. ಅವುಗಳ ತಂತಿಗಳು ಸದಾ ಭಾರಿ ಎಳೆತದಲ್ಲಿರುವುದರಿಂದ ಸ್ವಲ್ಪ ತುಕ್ಕೂ ದೊಡ್ಡ ಅನಾಹುತ. ವೇಲ್ಸಿನ ಇನಿಸ್‌–ಇ–ಗ್ವಾಸ್ ಸೇತುವೆ 1985ರ ಡಿಸೆಂಬರಿನಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯಿತು. ಪಣಜಿಯ ಮಾಂಡವಿ ಸೇತುವೆ ಬಳಕೆಗೆ ಬಂದು ಎರಡು ದಶಕ ತುಂಬುವ ಮೊದಲೇ 1986ರ ಜುಲೈ 5ರಂದು ಬಿತ್ತು. ಎರಡರಲ್ಲೂ ತಂತಿಯ ತುಕ್ಕೇ ಮೂಲ. ತಂತಿಯ ಕೊಳವೆಗಳಲ್ಲಿ ಸಿಮೆಂಟ್ ಗ್ರೌಟು ಪೂರ್ತಿ ತುಂಬಿದೆಯೇ ಎಂದು ನೋಡುವುದು ಅಲ್ಲಿ ಎಲ್ಲಕ್ಕಿಂತ ಮುಖ್ಯ.

ತಪಾಸಣೆ, ದುರಸ್ತಿ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2016ರಲ್ಲಿ ಆರಂಭಿಸಿದ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ 1.7 ಲಕ್ಷಕ್ಕೂ ಹೆಚ್ಚು ಸೇತುವೆ, ಮೋರಿಗಳು ದಾಖಲಾದವು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದ ಮೇಲೆ ಹಳೆಯ ಸೇತುವೆಗಳ ಪರೀಕ್ಷೆಯ ಮಾತು ರಾಜ್ಯದಲ್ಲಿ ಮತ್ತೆ ಜೋರಾಯಿತು.

ಪರೀಕ್ಷೆಗೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಸುತ್ತಿಗೆಯಿಂದ ತಟ್ಟಿದರೆ ಪೊಳ್ಳಾದ ಕಾಂಕ್ರೀಟ್ ದನಿಯಲ್ಲೇ ತಿಳಿಯುತ್ತದೆ. ಡೆಕ್ಕಿನ ತಳದಲ್ಲಿ ಒಂದು ಚಕ್ಕೆ ಒಡೆದು ಹಸಿ ಮೈಗೆ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕಾರ್ಬೊನೀಕರಣ ಆದಷ್ಟು ಆಳ ಬಣ್ಣವಿಲ್ಲದೆ ಉಳಿಯುತ್ತದೆ. ಸ್ಕೇಲು ಹಿಡಿದು ಅದನ್ನು ಅಳೆದು, ಕವರಿಗೆ ಹೋಲಿಸಿದರೆ ಇನ್ನೆಷ್ಟು ವರ್ಷ ಎಂಬ ಅಂದಾಜು ಅಲ್ಲೇ ಸಿಗುತ್ತದೆ. ತಾಮ್ರ ಮತ್ತು ತಾಮ್ರದ ಸಲ್ಫೇಟಿನ ಅರ್ಧಕೋಶದಿಂದ ಅಳೆದಾಗ ವಿಭವ ಋಣ 350 ಮಿಲಿವೋಲ್ಟಿಗಿಂತ ಕೆಳಗಿದ್ದರೆ ತುಕ್ಕು ನಡೆಯುತ್ತಿರುವ ಸಂಭವ ಶೇಕಡ 90ಕ್ಕೂ ಹೆಚ್ಚು. ಋಣ 200ಕ್ಕಿಂತ ಮೇಲಿದ್ದರೆ ನಡೆಯುತ್ತಿಲ್ಲದ ಸಂಭವ ಅಷ್ಟೇ. ಐಆರ್‌ಸಿಯ ಎಸ್‌ಪಿ 80 ಮಾರ್ಗಸೂಚಿ ತುಕ್ಕು ತಡೆ, ಪರೀಕ್ಷೆ, ಪರಿಹಾರಗಳಿಗೇ ಮೀಸಲು.

ದುರಸ್ತಿಯಲ್ಲಿ ನಡೆಯುವ ದೊಡ್ಡ ತಪ್ಪು ಉದುರಿದ ಜಾಗಕ್ಕೆ ಗಿಲಾವ್ ಮಾಡಿ ಬಣ್ಣ ಹೊಡೆಯುವುದು. ಸರಳಿನ ಹಿಂಬದಿಯವರೆಗೂ ಕಾಂಕ್ರೀಟ್ ಕೆತ್ತಿ, ತುಕ್ಕನ್ನು ಹೊಳೆಯುವ ತನಕ ಉಜ್ಜಿ, ಸವೆದ ಸರಳಿಗೆ ಜೊತೆ ಸರಳು ಕಟ್ಟಿ, ಮೈಕ್ರೊ ಕಾಂಕ್ರೀಟ್ ತುಂಬಬೇಕು. ಕ್ಲೋರೈಡ್ ಇದ್ದ ಕಡೆ ತೇಪೆಯ ಸುತ್ತಲೇ ಹೊಸ ತುಕ್ಕು ಏಳುತ್ತದೆ, ಅದಕ್ಕೆ ತೇಪೆಯೊಳಗೆ ಸತುವಿನ ಸಣ್ಣ ಆನೋಡು ಕಟ್ಟುತ್ತಾರೆ. ಇಡೀ ಡೆಕ್ಕಿಗೆ ವಿದ್ಯುತ್ ಹರಿಸಿ ತುಕ್ಕು ನಿಲ್ಲಿಸುವ ಕ್ಯಾಥೋಡಿಕ್ ರಕ್ಷಣೆಯನ್ನು 1973ರಲ್ಲಿ ಕ್ಯಾಲಿಫೋರ್ನಿಯದ ಸ್ಲೈ ಪಾರ್ಕ್ ಸೇತುವೆಯಲ್ಲಿ ರಿಚರ್ಡ್ ಸ್ಟ್ರಾಟ್‌ಫುಲ್ ಮೊದಲು ಮಾಡಿ ತೋರಿಸಿದರು. ಒಳನಾಡಿನ ಸಣ್ಣ ಸೇತುವೆಗೆ ಅಷ್ಟು ದೂರ ಹೋಗಬೇಕಿಲ್ಲ.

ಈ ಮೂರು ತಾಲ್ಲೂಕುಗಳ ಡೆಕ್ಕುಗಳಿಗೆ ಅಂದಾಜುಪಟ್ಟಿ ಬರೆಯುವವರು ವಿಶೇಷ ಸರಳಿನ ದರ ಹುಡುಕುವ ಮುನ್ನ ಮಣ್ಣಿನ ಸಲ್ಫೇಟ್, ಬೋರಿನ ನೀರಿನ ಕ್ಲೋರೈಡ್ ಪರೀಕ್ಷೆಯ ವರದಿಯನ್ನು ಕಡತಕ್ಕೆ ಸೇರಿಸಲಿ. ಕವರ್ ಬ್ಲಾಕಿಗೂ 14 ದಿನದ ಕ್ಯೂರಿಂಗಿಗೂ ಪ್ರತ್ಯೇಕ ಬಾಬತ್ತು ತೋರಿಸಲಿ. ಗ್ರಾಮ ಪಂಚಾಯಿತಿಗಳು ಮುಂಗಾರಿಗೆ ಮೊದಲು ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ ತಮ್ಮ ಊರಿನ ಪೂಲಿನ ನೀರ್ಕೊಳವೆಗಳನ್ನು ಬಿಡಿಸಲಿ. ಇಬ್ಬರು ಆಳು, ಒಂದು ಸಲಾಕೆ, ಅರ್ಧ ದಿನದ ಕೂಲಿ ಸಾಕು.